ಅಡ್ಡಬಾರ್ ಇಲ್ಲದ ಸೈಕಲ್ ನೋಡಿ ನಕ್ಕ ಅಧ್ಯಕ್ಷರಿಗೆ

ಕದ್ದಿಲ್ಲ ಸ್ವಾಮಿ, ಬಚ್ಚಿಟ್ಟಿದೀನಿ. ನಮ್ಮಜ್ಜನ ಸೈಕಲ್ಲಿನ ಬ್ಯಾಟರಿ ನಮ್ಮನೇಲೇ ಇದೆ, ಎಲ್ಲಿ ಅಂತ ಹೇಳಲ್ಲ, ಅಜ್ಜ ಇನ್ನೊಂದು ಸಲ ಆ ಸೈಕಲ್ ಹತ್ತೋದು ನನಗೆ ಬೇಡ, ಅಷ್ಟೇ.

ನಮಸ್ಕಾರಕ್ಕೂ ಮುಂಚೆ ಜಗಳ ತೆಗೆದೆ, ಬೇಜಾರು ಮಾಡ್ಕೋಬೇಡಿ, ಇಸ್ಕೂಲಲ್ಲಿ ಮರ್ಯಾದೆ ಪಾಠ ಬರೋ ಹೊತ್ತಿಗೆ ನಾನು ಅದನ್ನ ಬಿಟ್ಟು ಗಾಡಿ ಅಂಗಡೀಲಿ ಮೀನು ಕ್ಲೀನ್ ಮಾಡ್ತಿದ್ದೆ. ಈಗ ಸರಿಯಾಗಿ: ನಮ್ಮೂರ ಮಂಗಳವಾರದ ಹಿರಿಯರ ಸೈಕಲ್ ಸಂಘದ ಮಹಾಮಾನ್ಯ ಅಧ್ಯಕ್ಷರಾದ, ಸೀಟಿನ ಮೇಲೆ ಕೂತರೆ ಪಾದ ನೆಲಕ್ಕೆ ಎಟುಕದಷ್ಟು ಎತ್ತರದಲ್ಲಿರೋ ಗೆರ್ಲೋಫ್ ಹೊಯ್ಟಿಂಕ್ ಅವರಿಗೆ, ವೀಬೆ ಅಜ್ಜನ ಮೊಮ್ಮಗ ರೆನ್ಸ್ ನಡು ಬಗ್ಗಿಸಿ ಮಾಡೋ ನಮಸ್ಕಾರ. "ಬ್ಯಾಟರಿ ಕದ್ದಿದೀಯ, ಕೂತ್ಕೊ, ಕ್ಷಮೆ ಕೇಳಿ ಬರಿ" ಅಂತ ಕಾಗದ ಪೆನ್ನು ಕೊಟ್ಟು, ತಾವೆಲ್ಲ ಸಂಘದ ಮೇಜಿನ ಸುತ್ತ ಕಾಫಿ ಹಿಡ್ಕೊಂಡು ಕಾಯ್ತಾ ಇದೀರಿ. ಬರೀತಾ ಇದೀನಿ. ಆದ್ರೆ ತಮ್ಮ ಕೈಗೆ ಕೊಡಲ್ಲ, ಊರವರೆಲ್ಲ ಓದ್ಲಿ ಅಂತ ನೋಟಿಸ್ ಬೋರ್ಡಿಗೆ ಚುಚ್ಚಿ ಹೋಗ್ತೀನಿ.

ಮೊದಲು ತಮ್ಮ ಜ್ಞಾನಕ್ಕೊಂದು ಸಲಾಮು. ಲೋಹದಲ್ಲೂ ಗಂಡು ಹೆಣ್ಣು ಇದೆ ಅಂತ ಕಂಡುಹಿಡಿದವರು ತಾವು. ವಯಸ್ಸಾಯ್ತು, ಇನ್ನು ಬ್ಯಾಟರಿ ಸೈಕಲ್ಲೇ ಸರಿ ಅಂತ ಅಜ್ಜ ಅಂಗಡಿಗೆ ಹೊರಟಾಗ ನಾನೂ ಜೊತೇಲಿದ್ದೆ. ಅಂಗಡಿಯ ಆನೆಕೆ ಅಕ್ಕ ಒಂದೊಂದೇ ತಂದು ನಿಲ್ಲಿಸಿದ್ರು. ಅಜ್ಜ, ಯಾರೂ ಹೇಳ್ದೆ, ತಾನೇ ಆರಿಸಿದ್ದು ನಡುವೆ ಬಾರ್ ಇಲ್ಲದ್ದನ್ನ. ಹೊಸ್ತಿಲು ದಾಟಿದಂಗೆ ಕಾಲು ದಾಟಿಸಿ ಕೂತ, ನಮ್ಮ ಫ್ರೀಸ್‌ಲಾಂಡ್ ಸೀಮೆಯ ಎದುರುಗಾಳೀಲಿ ಒಂದು ಸುತ್ತು ಹೊಡ್ದು ಬಂದ. "ಲೋ ರೆನ್ಸ್, ಯಾರೋ ಬೆನ್ನಿಗೆ ಕೈಯಿಟ್ಟು ತಳ್ಳಿದಂಗಿದೆ ಕಣೋ!" ಅಂದ. ಅಷ್ಟು ಖುಷಿಯಾಗಿ ಅವನನ್ನ ನಾನು ನೋಡೇ ಇರ್ಲಿಲ್ಲ.

ಆ ಮಂಗಳವಾರ ಅದರ ಮೇಲೇ ಸಂಘಕ್ಕೆ ಬಂದ. ತಾವು ಕಿಟಕಿಯಿಂದ ಇಣುಕಿ, "ಏನಯ್ಯಾ ವೀಬೆ, ಲೇಡೀಸ್ ಸೈಕಲ್ ಜೊತೆ ಲಂಗಾನೂ ಕೊಟ್ರಾ, ಅದು ಬೇರೆ ತಗೋಬೇಕಾ?" ಅಂತ ವಿಚಾರಿಸಿದ್ರಿ. ಎಂಥಾ ಹಾಸ್ಯ! ತಮ್ಮ ಸಂಘದ ಟೂನಿಸ್ ಮಾವನಂತೂ ನಗೋ ರಭಸಕ್ಕೆ ಹಲ್ಲಿನ ಸೆಟ್ಟು ಹಿಡ್ಕೊಂಡ್ರಂತೆ. ಮಾರನೇ ದಿನ ಅಜ್ಜ ಅದನ್ನ ವಾಪಸ್ ಕೊಟ್ಟು, ಬಾರ್ ಇರೋ ಗಂಡು ಸೈಕಲ್ ತಂದ.

ಆಮೇಲೆ ಕಾಲುವೆ ಸೇತುವೆ ಹತ್ರ ಆಗಿದ್ದು ತಮಗೆ ಗೊತ್ತಿರಲ್ಲ, ತಾವು ಹಿಂದಕ್ಕೆ ತಿರುಗಿ ನೋಡಲಿಲ್ಲವಲ್ಲ. ದೋಣಿಗೆ ದಾರಿ ಬಿಡೋಕೆ ಸೇತುವೆ ಎತ್ತಿದ್ರು, ಎಲ್ಲರೂ ಇಳಿದು ನಿಂತ್ರಿ, ಸೇತುವೆ ಕೂತ ತಕ್ಷಣ ಹೊರಟ್ರಿ. ಅಜ್ಜ ಗಂಡಸಿನ ಥರ ಹಿಂದಿನಿಂದ ಕಾಲು ಬೀಸಿದ, ಬೂಟು ಕ್ಯಾರಿಯರ್‌ಗೆ ಸಿಕ್ಕಾಕೊಳ್ತು, ಇನ್ನೊಂದು ಕಾಲು ಪೆಡಲ್ ಒತ್ತಿತು, ಮೋಟರು ಪಾಪ ಅಪ್ಪಣೆ ಆಯ್ತು ಅಂದ್ಕೊಂಡು ನುಗ್ಗಿತು. ಅಜ್ಜ ಕಲ್ಲಿನ ಮೇಲೆ, ಸೈಕಲ್ ಅಜ್ಜನ ಮೇಲೆ, ತಾವು ಮುಂದಿನೂರ ಹೋಟೆಲಲ್ಲಿ ಆಪಲ್ ಕೇಕಿನ ಮೇಲೆ. ಎತ್ತಿ ಕೂರಿಸಿದ್ದು ನಾಯಿ ಕರ್ಕೊಂಡು ಹೋಗ್ತಿದ್ದ ಯಾರೋ ಹೆಂಗಸು. ಭುಜದ ಮೂಳೆ ಮುರಿದಿತ್ತು. ಹಿಂಗೇ ಇನ್ನೊಂದು ಸಲ ಬಿದ್ರೆ ಸೈಕಲ್ ಆಸೆ ಬಿಟ್ಬಿಡಿ ಅಂದ್ರು ಡಾಕ್ಟ್ರು. ಮಂಡಿ ನೋವಿಗೆ ಅಜ್ಜ ನಡೆಯಲ್ಲ, ಕಾರು ಓಡಿಸೋಕೆ ಬರಲ್ಲ. ಸೈಕಲ್ ಹೋದ್ರೆ ಅವನಿಗೆ ಉಳಿಯೋದು ಕುರ್ಚಿ.

ಮೂಳೆ ಕೂಡಿತು ಅಂತ ಗೊತ್ತಾಗಿದ್ದೇ ತಡ, ತಾವು ಮನೆಗೆ ಬಂದು, "ಮತ್ತೆ ಹತ್ತು ವೀಬೆ, ಹೆದರಬೇಡ, ಗಂಡಸಲ್ವೇನಯ್ಯ" ಅಂದ್ರಿ. ಅಜ್ಜ ಹೂಂ ಅಂದ. ಅವತ್ತೇ ನಾನು ಬ್ಯಾಟರಿ ಕಿತ್ತೆ.

ತಮ್ಮ ಗಂಡಸುತನ ನಾನು ಕಣ್ಣಾರೆ ಕಂಡಿದೀನಿ. ನಮ್ಮ ಮೀನಿನ ಗಾಡಿ ನಿಲ್ಲೋದು ಚರ್ಚಿನ ಹಿಂದೆ. ಅಲ್ಲಿ ತಾವು ಅತ್ತಿತ್ತ ನೋಡಿ, ಸೈಕಲ್ಲನ್ನ ನೆಲದ ಮೇಲೆ ಮಲಗಿಸಿ, ಅದರ ನಡುವೆ ಕೊಕ್ಕರೆ ಥರ ಕಾಲಿಟ್ಟು, ಗೋಡೆ ಹಿಡ್ಕೊಂಡು, "ದೇವ್ರೇ ದೇವ್ರೇ" ಅಂತ ಅದನ್ನ ತೊಡೆ ಸಂದಿಗೆ ಎಬ್ಬಿಸ್ತೀರಿ. ಟೂನಿಸ್ ಮಾವ ಕಸದ ಡಬ್ಬಿ ಮೇಲಿಂದ ಹತ್ತೋದು. ಈ ಕಷ್ಟ ನೋಡಿ ಕರುಳು ಕಿತ್ತು ಬಂದು ಬೇಡ್ಕೊಳ್ತಾ ಇದೀನಿ: ತಾವು ಸಭೆಯಲ್ಲಿ ನಿರ್ಣಯ ಮಾಡಿ ಪ್ರತಿ ತಿರುವಲ್ಲೂ ಗಂಡಸರಿಗಾಗಿ ಒಂದು ಗೋಡೆ ಕಟ್ಟಿಸಬೇಕು, ಸೇತುವೆಗಳು ಇನ್ನು ಮೇಲೆ ಏಳಬಾರದು ಅಂತ ಆಜ್ಞೆ ಮಾಡಬೇಕು, ತಾವು ಹತ್ತೋ ಹೊತ್ತಲ್ಲಿ ದಾರಿಹೋಕರು, ಹಸು, ಬಾತುಕೋಳಿ ಎಲ್ಲ ಆ ಕಡೆ ಮುಖ ತಿರುಗಿಸಬೇಕು.

ಇವತ್ತು ಆನೆಕೆ ಅಕ್ಕನ ಹತ್ರ ಹೋಗಿ ಬಾರ್ ಇಲ್ಲದ್ದನ್ನ ಮತ್ತೆ ತಂದೆ. ಅಜ್ಜ ಮುಟ್ಟಿ ನೋಡಿದ. "ಗೆರ್ಲೋಫ್ ನಗ್ತಾನೆ ಕಣೋ." "ನಗ್ಲಿ ಬಿಡಜ್ಜ." "ನಿಂಗೇನು ಗೊತ್ತು, ಚಡ್ಡಿ ಹಾಕ್ತಿದ್ದಾಗಿಂದ ಅವನು ನಕ್ಕಿದ್ದಕ್ಕೆ ನಾನೂ ನಕ್ಕಿದೀನಿ." ಆಮೇಲೆ ಕಾಲು ದಾಟಿಸಿ ಕೂತ. ಈಗ ಹೊರಗೆ, ಎದುರಿನ ಬೇಕರಿ ಮುಂದೆ ಅದರ ಮೇಲೇ ಕೂತಿದಾನೆ, ಎರಡು ಪಾದಾನೂ ನೆಲದ ಮೇಲೆ, ಟೋಪಿ ಕಣ್ಣಿಗೆ ಎಳ್ಕೊಂಡು, ಬೆನ್ನು ಈ ಕಿಟಕಿಗೆ. ಒಳಗೆ ಬಾ ಅಂದೆ, ಬರಲ್ಲ ಅಂದ. ವಾಪಸ್ ಕೊಡೋಣ್ವಾ ಅಂದೆ, ಅದಕ್ಕೂ ಇಲ್ಲ ಅಂದ. ಸಮುದ್ರದ ಏರಿ ಮೇಲೆ ಹೋಗೋಣ ಬಾ ಅಂದಿದಾನೆ. ಹೋಗ್ತಾ ಇದೀನಿ. ನಗೋದಿದ್ರೆ ಕಿಟಕಿಗೆ ಬಂದು ನಗಿ, ಬೆನ್ನಿಗಲ್ಲ, ಕೂಗಿ ಕರೆದು ಮುಖಕ್ಕೇ ನಗಿ.

ತಮ್ಮ ವಿಶ್ವಾಸಿ ಆಗೋ ಯಾವ ಆಸೆಯೂ ಇಲ್ಲದ,
ರೆನ್ಸ್

ಮರೆತಿದ್ದೆ: ಈಗ ಬಾಗಿಲು ಧಡಾರಂತ ಬಡ್ಕೊಳ್ಳುತ್ತೆ. ಸಭೆಯ ವರದೀಲಿ ಗಾಳಿ ಅಂತ ಬರ್ಕೋಬೇಡಿ. ಅದು ನಾನು.