ಮಾವನವರಿಗೆ ಬಣ್ಣ ತುಂಬಿದ್ದು

"ಸ್ಟುಡಿಯೋದವನ ಕೈಗೆ ನಮ್ಮ ಮಾವನೋರ್ನ ಕೊಡಾದಾ? ನಾನಿನ್ನೂ ಬದುಕಿದೀನಿ ಕಣೇ!"

ಶಿವಕುಮಾರಸ್ವಾಮಿ ಹೀಗೆ ಘೋಷಿಸಿದಾಗ ಹೆಂಡತಿ ಮಾಲಿನಿ ಸುಮ್ಮನಿದ್ದಳು. ಅತ್ತು ಅತ್ತು ಅವಳ ಗಂಟಲು ಕಟ್ಟಿತ್ತು. ಇಲ್ಲದಿದ್ದರೆ ಸುಮ್ಮನಿರುವ ಹೆಂಗಸಲ್ಲ.

ಅವಳ ತಂದೆ, ಹನೂರಿನ ದೊಡ್ಡಮಾದಪ್ಪನವರು ಶಿವನ ಪಾದ ಸೇರಿದ್ದರು. ಶಿವಗಣಾರಾಧನೆಯ ದಿನ ಪೂಜೆಗೆ ಇಡಲು ಒಂದು ದೊಡ್ಡ ಫೋಟೋ ಬೇಕು. ಕ್ಯಾಮೆರಾ ಕಂಡರೆ ಆಯುಷ್ಯ ಕಮ್ಮಿಯಾಗುತ್ತದೆಂದು ನಂಬಿ ಎಂಬತ್ತು ವರ್ಷ ಬಾಳಿದ ಮಹಾನುಭಾವರು ಅವರು! ಸಿಕ್ಕಿಬಿದ್ದದ್ದು ಒಮ್ಮೆ ಮಾತ್ರ, ಮಾಲಿನಿಯ ಮದುವೆಯ ಗ್ರೂಪ್ ಫೋಟೋದಲ್ಲಿ. ಅಲ್ಲೂ ಕ್ಯಾಮೆರಾ ಕಡೆ ನೋಡದೆ ಓರೆಗಣ್ಣಿನಿಂದ ಮದುಮಗನನ್ನು ನೋಡುತ್ತಿದ್ದರು. ಎತ್ತನ್ನು ಮನೆಗೆ ಹೊಡೆದುಕೊಂಡು ಬಂದ ಮೇಲೆ ಅದರ ಹಲ್ಲು ನೋಡಿದವರ ನೋಟ ಅದು.

ಆ ನೋಟ ಕೊನೆಯವರೆಗೂ ಬದಲಾಗಲಿಲ್ಲ. ಅಳಿಯ ಅವರ ಪಂಪ್‌ಸೆಟ್ಟನ್ನು ರಿಪೇರಿ ಮಾಡಲು ಹೋಗಿ ಮೋಟಾರು ಸುಟ್ಟ ಮೇಲಂತೂ, "ನಮ್ಮ ಅಳಿಯಂದ್ರು ಬಾಳ ತಿಳ್ದೋರು" ಎಂದು ಬಂದವರಿಗೆಲ್ಲ ಹಲ್ಲು ಕಚ್ಚಿಕೊಂಡು ಪರಿಚಯಿಸುತ್ತಿದ್ದರು.

"ನಮ್ಮವ್ವ ಒಂದು ತೊಟ್ಟು ಕಣ್ಣೀರು ಹಾಕಿಲ್ಲ ಕಣ್ರೀ," ಎಂದಳು ಮಾಲಿನಿ ಕಟ್ಟಿದ ಗಂಟಲಲ್ಲೇ. "ಕಲ್ಲಾಗಿ ಕೂತವ್ಳೆ. ಅವರ ಮೊಕ ಒಂದ್ಸಲ ತೋರ್ಸಿ ಅಂತಾಳೆ, ಅಷ್ಟೇ. ನಿಮ್ಮ ಪ್ರಿಂಟರ್ ಮಿಷನ್ನು ಕೈ ಕೊಟ್ರೆ?"

"ಕೈ ಕೊಡೋದು ಮನುಷ್ಯರು, ಮಿಷನ್ನಲ್ಲ!"

ಕೊಳ್ಳೇಗಾಲದ ಅವರ ಬೀದಿಗೆಲ್ಲ ಪ್ರಿಂಟರ್ ಇದ್ದದ್ದು ಅವನೊಬ್ಬನ ಮನೆಯಲ್ಲೇ. ಕಚೇರಿಯಲ್ಲಿ ಹೆದರದೆ ಕಂಪ್ಯೂಟರ್ ಮುಟ್ಟಿದ ಮೊದಲ ಗುಮಾಸ್ತನೆಂಬ ಕೀರ್ತಿಯೂ ಅವನದೇ. ಸೈಬರ್ ಅಂಗಡಿಯಲ್ಲಿ ಆ ಗ್ರೂಪ್ ಫೋಟೋ ಸ್ಕ್ಯಾನ್ ಮಾಡಿಸಿ, ಮಾವನನ್ನಷ್ಟೇ ಕತ್ತರಿಸಿ ಫ್ಲಾಪಿಯಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡು ಬಂದ. ಬದುಕಿದ್ದಾಗ ಯಾರ ಜೇಬಿಗೂ ಬೀಳದ ಮನುಷ್ಯ! ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಅವಸರವೇನೆಂದು ಆರಾಧನೆಯ ಹಿಂದಿನ ಸಂಜೆ ಗುಂಡಿ ಒತ್ತಿದ.

ಮಾವನವರ ಮುಖದ ಮೇಲೆ ಅಡ್ಡಡ್ಡ ಬಿಳಿ ಗೆರೆಗಳು ಬಂದವು. ಹಣೆಯಲ್ಲಿರಬೇಕಾದ ವಿಭೂತಿ ಗಲ್ಲದವರೆಗೂ ಇಳಿದಂತಿತ್ತು.

"ಇಂಕು ಒಣಗಿ ತೂತು ಕಟ್ಕೊಂಡದೆ, ಅಷ್ಟೇ," ಎಂದು ಕ್ಲೀನಿಂಗ್ ಗುಂಡಿ ಒತ್ತಿದ. ಪ್ರಿಂಟರ್ ಗೊರಗೊರ ಎಂದಿತು. ಮತ್ತೆ ಒತ್ತಿದ. ಮತ್ತೆ ಗೊರಗೊರ.

"ಅಪ್ಪಾಜಿ ಗಂಟ್ಲೂ ಕೊನೇಲಿ ಹಿಂಗೇ ಅಂತಿತ್ತು," ಎಂದು ಮಾಲಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕ್ಲೀನಿಂಗ್ ಎಂಬುದು ಇಂಕು ಕುಡಿದೇ ನಡೆಯುವ ಕೆಲಸವೆಂದು ಶಿವಕುಮಾರಸ್ವಾಮಿಗೆ ತಿಳಿದದ್ದು ಕೆಂಪು ಇಂಕು ಪೂರ್ತಿ ಮುಗಿದ ಮೇಲೆ. ಈಗ ಮಾವನವರು ಪಾಚಿ ಕಟ್ಟಿದ ಕಲ್ಲಿನಂತೆ ಹಸಿರಾಗಿ ಹೊರಬಂದರು. ಇಂಕಿನ ಹೊಸ ಡಬ್ಬಿ ಮೈಸೂರಿನಿಂದಲೇ ಬರಬೇಕು. ಸ್ಟುಡಿಯೋಗೆ ಓಡಿದರೆ ಬೀಗ.

"ಬರೀ ಕಪ್ಪು ಬಿಳುಪಲ್ಲಾದ್ರೂ ತೆಗೀರಿ!"

"ಕಲರ್ ಇಲ್ದೆ ಕಪ್ಪೂ ಕೊಡಲ್ಲ ಅಂತದೆ ಕಣೇ."

"ಅಪ್ಪಾಜಿ ಥರಾನೇ ಹಠ."

ಆಗ ಹೊಳೆಯಿತು! ಕೊಳ್ಳೇಗಾಲದಲ್ಲಿ ಬಣ್ಣಕ್ಕೆ ಬರವೆ? ಪಕ್ಕದ ಓಣಿಯಲ್ಲೇ ಕೆಂಪನಂಜಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ. ಕೇಳಿದ್ದೇ ತಡ, ಅವನು ಒಂದು ಸೀಸೆ ಕೆಂಪು ಬಣ್ಣ ಕಲಸಿ ಹೆಮ್ಮೆಯಿಂದ ಕೊಟ್ಟ.

"ತಕಳಿ ಸಾ. ಸೀರೆ ಅರಿದು ಚಿಂದಿಯಾದ್ರೂ ನಮ್ ಬಣ್ಣ ಓಗಕಿಲ್ಲ!"

ಸಿರಿಂಜಿನಿಂದ ಡಬ್ಬಿಯ ಕೆಂಪು ಕೋಣೆಗೆ ಬಣ್ಣ ಚುಚ್ಚಿದ್ದಾಯಿತು. ಮಾವನ ಕೆಲಸ, ಕಂಜೂಸುತನ ಬೇಡವೆಂದು ಇನ್ನಷ್ಟು ಚುಚ್ಚಿದ. ಅದು ಉಕ್ಕಿ ಪಕ್ಕದ ಹಳದಿ, ನೀಲಿ ಕೋಣೆಗಳಿಗೂ ನುಗ್ಗಿತು. ಕಟ್ಟಿಕೊಂಡದ್ದು ಬಿಡಲೆಂದು ಮೇಲಿನ ತೂತಿಗೆ ಬಾಯಿಟ್ಟು ಊದಿದ. ಬಣ್ಣ ಕೆಳಗಿಳಿಯುವ ಬದಲು ಅವನ ತುಟಿ, ಅಂಗೈ, ಪಂಚೆಗಳ ಮೇಲೆ ಹರಿಯಿತು. ಸೋಪು ಸೋತಿತು. ಸೀಗೆಪುಡಿ ಸೋತಿತು. ಸೀಮೆಎಣ್ಣೆ ವಾಸನೆ ಕೊಟ್ಟು ಸೋತಿತು.

ಪ್ರಿಂಟರ್ ಮಾತ್ರ ಕೊನೆಯ ಉಸಿರು ಹಿಡಿದು, ಎಳೆದೆಳೆದು ಒಂದೇ ಒಂದು ಫೋಟೋ ಹೆತ್ತು ಲಿಂಗೈಕ್ಯವಾಯಿತು. ಗೆರೆಯಿಲ್ಲ, ಪಾಚಿಯಿಲ್ಲ. ಆದರೆ ಹಣೆಯಿಂದ ಗಲ್ಲದವರೆಗೆ ಮಾವನವರು ಕೆಂಡ!

ಮಾಲಿನಿ ಬಯ್ಯಲಿಲ್ಲ. ಫೋಟೋವನ್ನು ಪೇಪರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬೆಳಿಗ್ಗೆ ಹನೂರಿನ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಳು. ಅವಳು ಬಯ್ದಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಮೊದಲ ಬಾರಿ ಅನ್ನಿಸಿತು.

ಸಾವಿನ ಮನೆಯಲ್ಲಿ ಅವನ ಕೈ ಕಂಡವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. "ಇದೇನ್ಲಾ, ಮಾವ ಓದ್ರೆ ಅಳಿಯ ಗೋರಂಟಿ ಆಕ್ಕಂಡವ್ನೆ!" ಎಂದು ಮೂಲೆಯಿಂದ ಚನ್ನಾಜಮ್ಮನೆಂಬ ಮುದುಕಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಅವನು ಎರಡೂ ಕೈಗಳನ್ನು ಟವೆಲ್ಲಿನೊಳಗೆ ಅಡಗಿಸಿದ.

ಅತ್ತೆ ಶಿವರತ್ನಮ್ಮ ಗೋಡೆಗೊರಗಿ ಕೂತಿದ್ದರು. ಒಣಗಿದ ಕಣ್ಣು. ಮಾಲಿನಿ ಪೇಪರು ಬಿಚ್ಚಿ ಫೋಟೋವನ್ನು ಅವರ ಮುಂದಿಟ್ಟಳು.

"ತಪ್ಪಾಯ್ತು ಅತ್ತೆ," ಎಂದ ಶಿವಕುಮಾರಸ್ವಾಮಿ. ಅವನ ಬಾಯಿಂದ ಆ ಮಾತು ಹಿಂದೆಂದೂ ಬಂದದ್ದಿಲ್ಲ. "ಮೈಸೂರಿಂದ ಇಂಕು ತರಿಸಿ ಬೇರೆ ತೆಗೆದುಕೊಡ್ತೀನಿ."

ಶಿವರತ್ನಮ್ಮ ಫೋಟೋ ನೋಡಿದರು. ಅಳಿಯನನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

"ಬ್ಯಾಡಿ ಅಳಿಯಂದ್ರೇ. ಮೋಟ್ರು ಸುಟ್ಟೋದ್ ದಿವ್ಸ ನಿಮ್ ಮಾವ್ನೋರ ಮೊಕ ಇಂಗೇ ಇತ್ತು. ಇದೇ ಸರ್ಯಾಗದೆ."

ಯಾರೋ ಕಿಸಕ್ಕೆಂದರು. ಅತ್ತೆಯ ತುಟಿಯೂ ಅಲುಗಿತು. ಫೋಟೋದ ಕೆಂಪು ಕೆನ್ನೆಯನ್ನು ಸೆರಗಿನ ತುದಿಯಿಂದ ಒರೆಸಿದರು. ಬಣ್ಣ ಹೋಗಲಿಲ್ಲ.

"ಸಾಕು ಬುಡಿ ಅತ್ಲಾಗೆ," ಎಂದರು ಗಂಡನಿಗೆ, "ಓದ್ ಮ್ಯಾಲೂ ಅಳಿಯಂದ್ರ ಮ್ಯಾಲೆ ಅದೇ ಕೋಪ್ವಾ?" ಎನ್ನುತ್ತಲೇ ಭೋರೆಂದು ಅತ್ತುಬಿಟ್ಟರು.