911ಕ್ಕೊಂದು ಮಿಸ್ಡ್ ಕಾಲ್

ಯಂತ್ರ ಯಾವುದೇ ಇರಲಿ, ಅದರ ಜೊತೆ ಬರುವ ಪುಸ್ತಕವನ್ನು ಓದಬಾರದು ಎನ್ನುವುದು ನನ್ನ ಜೀವನ ಸಿದ್ಧಾಂತ. ಓದುವವರೇ ಬೇರೆ, ಮಾಡುವವರೇ ಬೇರೆ. ಕ್ಯಾತ್ಸಂದ್ರದ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್ ಆಗಿರುವ ನಾನು, ಅಂದರೆ ಸದಾಶಿವಯ್ಯ, ಮಾಡುವವರ ಪಂಗಡ. ಪ್ರೊಫೆಸರುಗಳು ವಿದ್ಯುತ್ತನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಫ್ಯೂಸ್ ಹೋದಾಗ ಮಾತ್ರ ನನ್ನ ಹೆಸರು ಕೂಗುತ್ತಾರೆ. ನಮ್ಮ ಬೀದಿಯವರೂ ನೆಂಟರೂ ನನ್ನನ್ನು ‘ಮೇಷ್ಟ್ರು’ ಎನ್ನುತ್ತಾರೆ. ನಾನು ಮೇಷ್ಟ್ರಲ್ಲ ಎಂದು ತಿದ್ದಬೇಕು ಅಂತ ಇಪ್ಪತ್ತೆರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ.

ಹೀಗಿರುವಾಗ ಎರಡು ಸಾವಿರದ ಆರನೇ ಇಸವಿಯಲ್ಲಿ ನಮ್ಮ ಮನೆಗೆ ಇಂಟರ್ನೆಟ್ ಫೋನು ಬಂತು. ತುಮಕೂರು ಜಿಲ್ಲೆಗೇ ಮೊದಲನೆಯದು ಎಂದು ನಾನು ಘೋಷಿಸಿದೆ. ವಿಚಾರಿಸಲು ಹೋಗಲಿಲ್ಲ, ಸುಮ್ಮನೆ ಘೋಷಿಸಿದೆ.

ಅದು ಬಂದದ್ದು ಹೀಗೆ. ನನ್ನ ಹೆಂಡತಿ ಶಿವಗಂಗಳ ತಂಗಿ ರೂಪಶ್ರೀ ಅಮೆರಿಕದಲ್ಲಿದ್ದಾಳೆ. ಅವಳ ಗಂಡ ಕಿರಣ್‌ಕುಮಾರ್ ಅಲ್ಲಿನ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದಾನೆ. ರೂಪಶ್ರೀ ಬಸುರಿಯಾದಳು. ಬಾಣಂತನಕ್ಕೆಂದು ನಮ್ಮ ಅತ್ತೆ ಸರ್ವಮಂಗಳಮ್ಮನವರು ಗುಬ್ಬಿಯಿಂದ ಹೊರಟು, ಸೂಟ್‌ಕೇಸಿನ ತುಂಬ ಹರಳೆಣ್ಣೆ, ಓಂಕಾಳು, ಒಣಶುಂಠಿ, ಸಾಂಬ್ರಾಣಿ ತುಂಬಿಕೊಂಡು, ಆರು ತಿಂಗಳ ಮಟ್ಟಿಗೆ ವಿಮಾನ ಹತ್ತಿದರು. ಇತ್ತ ಶಿವಗಂಗ ಊಟ ಬಿಟ್ಟಳು. ದಿನಕ್ಕೊಮ್ಮೆ ತಾಯಿಯ ಧ್ವನಿ ಕೇಳದೆ ಅವಳಿಗೆ ಅನ್ನ ಇಳಿಯುವುದಿಲ್ಲ. ಫೋನ್ ಬೂತಿನ ಗಾಜಿನೊಳಗೆ ನಿಂತು ಅವಳು ಅಳುವುದು, ಹೊರಗೆ ಸಾಲಿನಲ್ಲಿ ನಿಂತವರು ಅದನ್ನು ಟಿವಿ ಧಾರಾವಾಹಿಯ ಹಾಗೆ ನೋಡುವುದು, ಹೀಗೇ ಎರಡು ತಿಂಗಳು ನಡೆಯಿತು, ಅತ್ತ ರೂಪಶ್ರೀಗೆ ಹೆರಿಗೆಯೂ ಆಯಿತು. ಕೊನೆಗೆ ಕಿರಣ್‌ಕುಮಾರನೇ ಮನಸ್ಸು ಕರಗಿ, ಊರಿಗೆ ಬರುತ್ತಿದ್ದ ಗೆಳೆಯನೊಬ್ಬನ ಕೈಯಲ್ಲಿ ಆ ಪೆಟ್ಟಿಗೆ ಕಳಿಸಿದ.

ಪೆಟ್ಟಿಗೆ ಊಟದ ಡಬ್ಬಿಯಷ್ಟಿತ್ತು. ಒಂದು ಕಡೆ ಬ್ರಾಡ್‌ಬ್ಯಾಂಡ್ ತಂತಿ, ಇನ್ನೊಂದು ಕಡೆ ಮಾಮೂಲಿ ಫೋನಿನ ತಂತಿ. ಚುಚ್ಚಿದರೆ ಮುಗಿಯಿತು, ತುಮಕೂರಿನ ಫೋನಿಗೆ ಅಮೆರಿಕದ ನಂಬರು. ಜೊತೆಯಲ್ಲಿ ಒಂದು ಪುಸ್ತಕ, ಎರಡು ಕಿತ್ತಳೆ ಬಣ್ಣದ ಸ್ಟಿಕರ್, ಕಿರಣನ ಕೈಬರಹದ ಎರಡು ಪುಟದ ಕಾಗದ. ಪುಸ್ತಕವನ್ನು ಸಿದ್ಧಾಂತದ ಪ್ರಕಾರ ಅಟ್ಟಕ್ಕೆ ಹಾಕಿದೆ. ಕಾಗದದ ಮೊದಲ ಪುಟ ಓದಿದೆ. ‘ಅಣ್ಣಾ, ಇಲ್ಲಿ ಹೋದ ವರ್ಷ ಹೊಸ ಕಾನೂನು ಬಂದಿದೆ. ಇಂಟರ್ನೆಟ್ ಫೋನಿನವರೂ ತುರ್ತು ಕರೆಗೆ ವ್ಯವಸ್ಥೆ ಮಾಡಲೇಬೇಕು. ಅದಕ್ಕೆ ಗಿರಾಕಿಯ ಮನೆ ವಿಳಾಸ ಬರೆಸಿಕೊಳ್ಳುತ್ತಾರೆ. ನಿಮ್ಮ ಪೆಟ್ಟಿಗೆಗೆ ನಮ್ಮ ಮನೆಯ ವಿಳಾಸವನ್ನೇ ಕೊಟ್ಟಿದ್ದೇನೆ. ಆದ್ದರಿಂದ ದಯವಿಟ್ಟು...’ ಎಂಬಲ್ಲಿಗೆ ಪುಟ ಮುಗಿಯಿತು. ‘ದಯವಿಟ್ಟು’ ಅಂದಮೇಲೆ ಮುಂದಿರುವುದು ಉಪಚಾರದ ಮಾತೇ ಅಲ್ಲವೆ? ಮಡಿಚಿಟ್ಟೆ.

ಅಂದಿನಿಂದ ದಿನವೂ ಸಂಜೆ ಆರೂವರೆಗೆ ತಾಯಿ ಮಗಳು ಮಾತಾಡುವರು. ಏಳು ಗಂಟೆಗೆ ಸರಿಯಾಗಿ ಮುಗಿಸುವರು. ಏಕೆಂದರೆ ನಮಗೆ ಸಂಜೆ ಏಳು ಎಂದರೆ ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ಆಗ ಬಾಣಂತಿಗೂ ಮಗುವಿಗೂ ಎಣ್ಣೆನೀರು. ‘ಆ ಹೊತ್ತಲ್ಲಿ ಯಾರೂ ಫೋನ್ ಮಾಡ್ಕೂಡ್ದು’ ಎಂದು ಅತ್ತೆಯ ಆಜ್ಞೆ. ಶಿವಗಂಗ ಮತ್ತೆ ಊಟ ಮಾಡತೊಡಗಿದಳು. ನನಗೂ ಸಾರಿನಲ್ಲಿ ಉಪ್ಪು ಸರಿಯಾಗಿ ಸಿಗತೊಡಗಿತು.

ಆ ಭಾನುವಾರ ಬಂದರು ನೋಡಿ, ನಿಟ್ಟೂರಿನ ಅಡವಿಯಪ್ಪನವರು. ಅತ್ತೆಯ ತಮ್ಮ, ಶಿವಗಂಗಳಿಗೆ ಸೋದರಮಾವ. ಕಣ್ಣಾರೆ ಕಂಡದ್ದನ್ನೂ ಒಮ್ಮೆ ಮುಟ್ಟಿ ನೋಡಿಯೇ ನಂಬುವ ಜೀವ. ಅವರು ತಲುಪುವ ವೇಳೆಗೆ ಏಳೂಕಾಲು. ಶಿವಗಂಗ ಅಡುಗೆಮನೆಯಲ್ಲಿದ್ದಳು. ನಾನು ಅವರನ್ನು ಪೆಟ್ಟಿಗೆಯ ಮುಂದೆ ಕೂರಿಸಿ, ಅದರ ಹಸಿರು ದೀಪ ತೋರಿಸಿ, ಕಾಲು ಗಂಟೆ ಉಪನ್ಯಾಸ ಕೊಟ್ಟೆ.

“ಮಾವ, ಇದರ ಲೆಕ್ಕದಲ್ಲಿ ನಮ್ಮನೆ ಇರೋದು ಕ್ಯಾತ್ಸಂದ್ರದಲ್ಲಿ ಅಲ್ಲ, ಅಮೆರಿಕದಲ್ಲಿ.”

ಅಡವಿಯಪ್ಪನವರು ಪೆಟ್ಟಿಗೆಯನ್ನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕೆಳಗಿಟ್ಟರು.

“ಬುಡಿ ಮೇಷ್ಟ್ರೇ. ಹೋದ್ಸಾರಿ ನಂಗೂ ಅಕ್ಕನ ಜೊತೆ ಮಾತಾಡ್ಸಿದ್ರಲ್ಲ, ಕುಣಿಗಲ್ ಬಸ್‌ಸ್ಟ್ಯಾಂಡಲ್ಲಿ ನಿಂತು ಮಾತಾಡ್ದಂಗೆ ಕೇಳ್ಸ್ತಿತ್ತು. ಅಷ್ಟು ದೂರ್‌ದಿಂದ ಹಂಗ್ ಕೇಳ್ಸುತ್ತಾ? ಇದು ಅಮೆರಿಕದ ಲೈನು ಅನ್ನೋಕೆ ಏನ್ ಗ್ಯಾರಂಟಿ?”

“ಬೇಕಾದ್ರೆ ಈಗ್ಲೇ ಅಮೆರಿಕಕ್ಕೆ ಮಾಡಿ ತೋರಿಸ್ತೀನಿ.”

“ಮಾಡಿ ಮತ್ತೆ.”

ಎಣ್ಣೆನೀರಿನ ಹೊತ್ತು. ಅತ್ತೆಗೆ ಮಾಡಿದರೆ ಅಲ್ಲಿಂದಲೇ ಬರೆ ಹಾಕುತ್ತಾರೆ. ಅಡವಿಯಪ್ಪನವರ ತುಟಿಯಂಚಿನಲ್ಲಿ ಒಂದು ನಗು ಮೊಳೆಯುತ್ತಿತ್ತು. ಅದು ಬೆಳೆದು ನಿಟ್ಟೂರು ತಲುಪಿದರೆ, ಅಲ್ಲಿಂದ ಗುಬ್ಬಿ, ಗುಬ್ಬಿಯಿಂದ ಇಡೀ ಬಳಗ. ನನಗೆ ಅತ್ತೆಯ ನಂಬರು ಬಿಟ್ಟರೆ ಗೊತ್ತಿದ್ದ ಅಮೆರಿಕದ ನಂಬರು ಇನ್ನೊಂದೇ. ಇಂಗ್ಲಿಷ್ ಸಿನಿಮಾ ನೋಡಿದವರಿಗೆಲ್ಲ ಗೊತ್ತಿರುವುದು. ಪೊಲೀಸರದ್ದು. 911.

“ಪೊಲೀಸ್‌ನೋರಿಗೆ ಮಾಡ್ತೀರಾ?” ಅಡವಿಯಪ್ಪನವರು ಕಾಲು ಮಡಿಚಿ ಕೂತರು.

“ಮಾತಾಡಲ್ಲ ಮಾವ. ಬರೀ ಮಿಸ್ಡ್ ಕಾಲ್ ಕೊಡ್ತೀನಿ. ಒಂದು ರಿಂಗ್, ಕಟ್. ಅವರಿಗೂ ತೊಂದರೆ ಇಲ್ಲ, ನಮಗೂ ಇಲ್ಲ.”

ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ. ನಮ್ಮ ಮನೆಯ ಸಂಸಾರ ನಡೆಯುವುದೇ ಮಿಸ್ಡ್ ಕಾಲಿನ ಮೇಲೆ. ನಾನು ಕಾಲೇಜು ತಲುಪಿದರೆ ಒಂದು ರಿಂಗ್. ಶಿವಗಂಗಳಿಗೆ ಕೊತ್ತಂಬರಿ ಬೇಕಿದ್ದರೆ ಎರಡು. ಅವಳ ರಿಂಗನ್ನು ನಾನು ಕಟ್ ಮಾಡಿದೆನೆಂದರೆ ‘ಸರಿ, ಗೊತ್ತಾಯ್ತು’ ಎಂದು ಅರ್ಥ. ಹದಿನೆಂಟು ವರ್ಷದ ದಾಂಪತ್ಯದಲ್ಲಿ ನಮ್ಮಿಬ್ಬರ ನಡುವೆ ಜಗಳವಿಲ್ಲದೆ ನಡೆದ ಮಾತುಕತೆ ಅಂದರೆ ಇದೊಂದೇ.

ಒತ್ತಿದೆ. ಅಡವಿಯಪ್ಪನವರಿಗೂ ಕೇಳಲೆಂದು ರಿಸೀವರನ್ನು ಇಬ್ಬರ ಕಿವಿಗಳ ನಡುವೆ ಹಿಡಿದೆ. ಒಂದು ರಿಂಗ್ ಪೂರ್ತಿ ಆಗುವುದಕ್ಕೂ ಬಿಡದೆ ಹೆಂಗಸೊಬ್ಬಳು ಎತ್ತಿಬಿಟ್ಟಳು.

“ನೈನ್ ವನ್ ವನ್, ವಾಟ್ ಈಸ್ ಯುವರ್ ಎಮರ್ಜೆನ್ಸಿ?”

ಇದೆಂಥ ಇಲಾಖೆ? ನಮ್ಮಲ್ಲಿ ಯಾವುದಾದರೂ ಆಫೀಸಿನಲ್ಲಿ ಹತ್ತು ರಿಂಗಿಗೆ ಎತ್ತಿದರೆ ಆ ಗುಮಾಸ್ತರಿಗೆ ಸನ್ಮಾನ ಮಾಡಬೇಕು. ನನ್ನ ಕೈ ತಾನಾಗಿಯೇ ರಿಸೀವರನ್ನು ಕೆಳಗಿಟ್ಟಿತು. ಅಡವಿಯಪ್ಪನವರ ಮುಖದಲ್ಲಿ ನಗು ಮಾಯವಾಗಿತ್ತು.

“ಹೌದು ಕಣ್ರೀ ಮೇಷ್ಟ್ರೇ. ಅಮೆರಿಕವೇಯಾ.”

ಆ ಮಾತನ್ನು ನಾನಿನ್ನೂ ಸವಿಯುತ್ತಿದ್ದೆ, ಫೋನು ರಿಂಗಾಯಿತು.

“ವಾಪಸ್ ಮಾಡ್ತಾವ್ರೆ,” ಎಂದರು ಅಡವಿಯಪ್ಪ.

“ಎತ್ತಬಾರ್ದು. ನೋಡಿದೀವಿ ಅಂತ ತಿಳಿಸ್ತಿದ್ದಾರೆ ಅಷ್ಟೇ.”

ರಿಂಗು ನಿಂತಿತು. ಮತ್ತೆ ಶುರುವಾಯಿತು. ಪಾಪ, ಎಷ್ಟು ಮರ್ಯಾದಸ್ಥರು ಎನ್ನಿಸಿತು. ಮರ್ಯಾದೆಗೆ ಮರ್ಯಾದೆ ಸಲ್ಲಬೇಕು. ರಿಸೀವರ್ ಎತ್ತಿ ತಕ್ಷಣ ಕುಕ್ಕಿದೆ. ಅಂದರೆ, ಸರಿ, ಗೊತ್ತಾಯ್ತು. ಅದು ಎತ್ತಿದ್ದು ಒಂದೇ ಒಂದು ಗಳಿಗೆ. ಆ ಗಳಿಗೆಯಲ್ಲೇ ಅಡುಗೆಮನೆಯ ಕುಕ್ಕರು ಸೀಟಿ ಹೊಡೆಯಬೇಕೆ? ಅಲ್ಲಿಂದಲೇ ಶಿವಗಂಗ, “ರೀ, ಯಾರ್ರೀ ಅದೂ, ಎತ್ರೀ!” ಎಂದು ಕಿರುಚಬೇಕೆ?

ಕರೆ ಮಾಡಿದವರು ಮಾತಾಡಲಿಲ್ಲ. ವಾಪಸ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದರೆ ಎತ್ತಿ ಕುಕ್ಕಿದರು. ಹಿಂದಿನಿಂದ ಏನೋ ಬುಸ್ಸೆನ್ನುವ ಸದ್ದು, ಹೆಂಗಸಿನ ಕೂಗು. ಇಷ್ಟನ್ನು ಕೇಳಿಸಿಕೊಂಡ ಆ ಮಹಾತಾಯಿಗೆ ಏನು ಅರ್ಥವಾಗಿರಬೇಕು ಎಂದು ನನಗೆ ಅರ್ಥವಾದದ್ದು ಮುಕ್ಕಾಲು ಗಂಟೆ ಕಳೆದ ಮೇಲೆ. ಆ ಮುಕ್ಕಾಲು ಗಂಟೆ ನಾನು ಅಡವಿಯಪ್ಪನವರ ಜೊತೆ ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತ, ನಮ್ಮ ದೇಶದ ಪೊಲೀಸರೂ ಹೀಗೆ ಇರಬಾರದೆ ಎಂದು ವಿಷಾದಿಸುತ್ತಿದ್ದೆ.

ಆಮೇಲೆ ಬಂತು ಕಿರಣ್‌ಕುಮಾರನ ಫೋನು.

“ಅಣ್ಣಾ, ಶಿವಗಂಗಕ್ಕಂಗೆ ಕೊಡಿ. ಇಲ್ಲಿ ದೊಡ್ಡ ರಾದ್ಧಾಂತ ಆಗೋಗಿದೆ.”

ಅವನು ಹೇಳಿದ್ದು ಇದು. ಅವನು ಕೆಲಸಕ್ಕೆ ಹೋಗಿದ್ದ. ಅತ್ತೆ ಬಾಣಂತಿಗೆ ಎರೆದು, ಹೊಟ್ಟೆಗೆ ಹಳೇ ಪಂಚೆ ಬಿಗಿದು, ತಲೆಗೆ ಬಟ್ಟೆ ಸುತ್ತಿ, ಚಾಪೆಯ ಮೇಲೆ ಮಲಗಿಸಿದ್ದರು. ಕೆಂಡ ಮಾಡಿ ಸಾಂಬ್ರಾಣಿ ಹಾಕಿದ್ದರು. ಹೊಗೆ ಕಂಡರೆ ಚೀರುವ ಯಂತ್ರವೊಂದು ಅಲ್ಲಿನ ಸೂರಿನಲ್ಲಿರುತ್ತದಂತೆ. ಮಗು ಬೆಚ್ಚುತ್ತದೆ ಎಂದು ಅತ್ತೆ ಅದಕ್ಕೆ ಮೊದಲ ದಿನವೇ ಪ್ಲಾಸ್ಟಿಕ್ ಕವರು ಕಟ್ಟಿಬಿಟ್ಟಿದ್ದರು. ಮನೆಯ ತುಂಬ ದಟ್ಟ ಹೊಗೆ. ಆಗ ಎರಡು ಪೊಲೀಸ್ ಕಾರು, ಒಂದು ಆಂಬುಲೆನ್ಸು, ಒಂದು ಬೆಂಕಿ ಆರಿಸುವ ಗಾಡಿ ಬಂದು ಬಾಗಿಲ ಮುಂದೆ ನಿಂತವು. ಕಿಟಕಿಯಿಂದ ಇಣುಕಿದವರಿಗೆ ಕಂಡದ್ದೇನು? ಹೊಗೆ, ತಲೆಯಿಂದ ಸೊಂಟದವರೆಗೆ ಬಟ್ಟೆ ಸುತ್ತಿಸಿಕೊಂಡು ನೆಲದ ಮೇಲೆ ಮಲಗಿದ ಹುಡುಗಿ, ಪಕ್ಕದಲ್ಲಿ ಹಣೆತುಂಬ ವಿಭೂತಿ ಧರಿಸಿ ಕೆಂಡದ ಬಟ್ಟಲು ಹಿಡಿದ ಹೆಂಗಸು. ಬಾಗಿಲು ಒಡೆದೇಬಿಟ್ಟರು.

ನುಗ್ಗಿದ ಆರು ಜನರನ್ನು ಅತ್ತೆ ಒಬ್ಬರೇ ಎದುರಿಸಿದರಂತೆ. ‘ಬಾಣಂತಿ ಕೋಣೆ, ಗಂಡಸ್ರು ಬರ್ಕೂಡ್ದು, ಬೂಟ್ ಬಿಚ್ರೋ’ ಎಂದು ಕನ್ನಡದಲ್ಲೇ ಗದರಿ ಹೊರಗೆ ನಿಲ್ಲಿಸಿದರಂತೆ. ರೂಪಶ್ರೀ ಎದ್ದು ಇಂಗ್ಲಿಷಿನಲ್ಲಿ ತಿಳಿಸಿ ಹೇಳುವವರೆಗೂ ಒಬ್ಬನೂ ಮಿಸುಕಲಿಲ್ಲವಂತೆ. ಆಮೇಲೆ ಅವಳು ಕಿರಣನನ್ನು ಕೆಲಸದಿಂದ ಕರೆಸಿಕೊಂಡಳಂತೆ.

ನನಗೆ ನಗು ಬಂದುಬಿಟ್ಟಿತ್ತು. ಕಿರಣನ ಮುಂದಿನ ಮಾತಿಗೆ ಅದು ನಿಂತೇಹೋಯಿತು.

“ಈ ಮನೆ ವಿಳಾಸದಿಂದ್ಲೇ ಕಾಲ್ ಬಂತು ಅಂತಾರೆ ಅಣ್ಣಾ. ಮನೇಲಿ ಇದ್ದೋರು ಇಬ್ರೇ. ರೂಪಾ ಮಾಡಿಲ್ಲ. ನಿಮಗಂತೂ ಒತ್ಬೇಡಿ ಅಂತ ಕಾಗದದಲ್ಲೇ ಬರ್ದಿದ್ದೆ. ಅತ್ತೆ ಏನೋ ಗೊತ್ತಿಲ್ದೆ ಒತ್ತಿರ್ಬೇಕು ಅಂತ ನಾನೂ ಸ್ವಲ್ಪ ಜೋರಾಗಿ ಅಂದ್ಬಿಟ್ಟೆ. ಅವರು ನಾನು ಮುಟ್ಟೇ ಇಲ್ಲ ಅಂತ ಅಳ್ತಿದ್ದಾರೆ. ನನ್ನಿಂದ ನಿಮಗೆ ತೊಂದ್ರೆ, ಊರಿಗೆ ಟಿಕೆಟ್ ಮಾಡ್ಸಿ ಅಂತ ಸೂಟ್‌ಕೇಸ್ ತುಂಬ್ತಾ ಇದಾರೆ. ಒಂದ್ ತಿಂಗಳ ಮಗು ಇಟ್ಕೊಂಡು ನಾವೇನ್ ಮಾಡೋದು? ಅಕ್ಕ ಹೇಳಿದ್ರೆ ಕೇಳ್ತಾರೆ.”

ಶಿವಗಂಗ ಪಕ್ಕಕ್ಕೆ ಬಂದು ನಿಂತಿದ್ದಳು. ನಾನು ರಿಸೀವರಿಗೆ ಕೈ ಅಡ್ಡ ಹಿಡಿದು ಅಷ್ಟನ್ನೂ ಅವಳಿಗೆ ಹೇಳಿದೆ. ಹೇಳುವಾಗ ನನ್ನ ಭಾಗವನ್ನು ಮಾತ್ರ ಬಿಟ್ಟೆ.

“ಅಮ್ಮ ಒಂದು ಬಲ್ಬ್ ಹಾಕೋಕೂ ಕೇಳಿ ಹಾಕೋಳು. ಅವಳು ಯಾಕ್ ಒತ್ತುತ್ತಾಳೆ?” ಎಂದಳು ಶಿವಗಂಗ. ಅವಳ ಕಣ್ಣು ತುಂಬಿತ್ತು.

ಕಿರಣನ ಕಾಗದದ ಎರಡನೇ ಪುಟ ಪೆಟ್ಟಿಗೆಯ ಅಡಿಯಲ್ಲೇ ಇತ್ತು. ತೆಗೆದೆ. ‘...ಯಾವ ಕಾರಣಕ್ಕೂ ಇದರಿಂದ 911 ಒತ್ತಬೇಡಿ. ಒತ್ತಿದರೆ ಪೊಲೀಸರು ನಮ್ಮ ಮನೆಗೆ ಬರುತ್ತಾರೆ. ಆ 911 ಎಚ್ಚರಿಕೆಯ ಸ್ಟಿಕರನ್ನು ಫೋನಿನ ಮೇಲೇ ಅಂಟಿಸಬೇಕು, ಅದೂ ಕಾನೂನೇ. ತಪ್ಪಾದರೆ ಲೈನೇ ಹೋಗಬಹುದು.’

ಒಪ್ಪಿಕೊಂಡರೆ ಲೈನು ಹೋಗುತ್ತದೆ, ಶಿವಗಂಗ ಮತ್ತೆ ಬೂತಿನ ಗಾಜಿನೊಳಗೆ. ಇಪ್ಪತ್ತೆರಡು ವರ್ಷದ ಮೇಷ್ಟ್ರುಗಿರಿಯೂ ಹೋಗುತ್ತದೆ. ಸುಮ್ಮನಿದ್ದರೆ ಆ ಮುದುಕಿ ಮಾಡದ ತಪ್ಪಿಗೆ ಅಳುತ್ತ ಸೀರೆ ಮಡಿಚುತ್ತಾರೆ. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಕಾಗದವನ್ನು ಮತ್ತೆ ಮಡಿಚತೊಡಗಿದೆ. ಅಷ್ಟರಲ್ಲಿ ಅಡವಿಯಪ್ಪನವರು ಮೆಲ್ಲನೆ ಕೆಮ್ಮಿದರು.

“ಮೇಷ್ಟ್ರೇ, ಅಕ್ಕ ವಾಪಸ್ ಬಂದ್ರೆ ಬಾಣಂತನಕ್ಕೆ ನಿಮ್ಮನ್ನೇ ಕಳುಸ್ಬೇಕಾಯ್ತದೆ.”

ಶಿವಗಂಗ ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದವನ್ನು ಕಸಿದು ಓದಿದಳು. ಓದಿ, ರಿಸೀವರನ್ನು ನನ್ನ ಕಿವಿಗೆ ಒತ್ತಿ ಹಿಡಿದಳು.

“ಕಿರಣಾ, ಅತ್ತೆಗೆ ಕೊಡಪ್ಪಾ,” ಎಂದೆ.

ಅತ್ತೆ ಬಂದರು. ಮೂಗು ಏರಿಸಿಕೊಳ್ಳುವ ಸದ್ದು ಕೇಳಿಸಿತು. ನಾನು ಎಲ್ಲವನ್ನೂ ಹೇಳಿದೆ. ಮಿಸ್ಡ್ ಕಾಲು, ವಾಪಸ್ ಬಂದ ಕಾಲು, ಕುಕ್ಕಿದ್ದು, ಓದದ ಪುಟ. “ತಪ್ಪು ನಂದು ಅತ್ತೆ. ನೀವು ಸೂಟ್‌ಕೇಸ್ ಬಿಚ್ಚಿ,” ಎಂದೆ.

ಅತ್ತೆ ಇನ್ನೊಮ್ಮೆ ಮೂಗು ಏರಿಸಿಕೊಂಡರು.

“ಅಳಿಯಂದ್ರೇ,” ಎಂದರು. “ನಾನು ಬಂದು ಮೂರು ತಿಂಗಳಾಯ್ತು. ಇಷ್ಟು ದಿನದಲ್ಲಿ ನೀವು ಒಂದ್ಸಲ ಫೋನ್ ಹಿಡ್ದು ‘ಹೆಂಗಿದೀರಿ’ ಅಂತ ಕೇಳಿರ್ಲಿಲ್ಲ. ಇವತ್ತು ವಿಚಾರಿಸ್ಕೊಂಡು ಬರೋಕೆ ಆರು ಜನ ಪೊಲೀಸ್‌ನೋರನ್ನ ಕಳ್ಸಿದ್ರಲ್ಲ. ಇಂಥ ಅಳಿಯ ಯಾರಿಗ್ ಸಿಗ್ತಾನೆ ಬುಡಿ.”

ಅಂದಮೇಲೆ ಅವರು ನಕ್ಕರು. ಹಿಂದಿನಿಂದ ರೂಪಶ್ರೀ ನಕ್ಕಳು. ಕಿರಣ ಅತ್ತೆಯ ಕ್ಷಮೆ ಕೇಳುವುದೂ ಕೇಳಿಸಿತು. ಪೊಲೀಸರಿಗೆ ಅವನು ನಿಜ ಹೇಳಿದನಂತೆ. ಅವರು ಇನ್ನೊಮ್ಮೆ ಹೀಗಾದರೆ ಬಿಡುವುದಿಲ್ಲ ಎಂದು ಎಚ್ಚರಿಸಿ, ಸೂರಿನ ಯಂತ್ರದ ಕವರು ಬಿಚ್ಚಿಸಿ, ಲೈನಿನ ತಂಟೆಗೆ ಬರದೆ ಬಿಟ್ಟರಂತೆ. ಒಬ್ಬ ಅಧಿಕಾರಿ ಮೊಣಕಾಲು ನೋವಿಗೆ ಅತ್ತೆಯಿಂದ ಒಂದಿಷ್ಟು ಹರಳೆಣ್ಣೆಯನ್ನೂ ಇಸಿದುಕೊಂಡು ಹೋದನಂತೆ. ಇತ್ತ ಶಿವಗಂಗ ಕಿತ್ತಳೆ ಸ್ಟಿಕರನ್ನು ಫೋನಿಗೆ ಅಂಟಿಸಿದಳು. ಇನ್ನೊಂದು ಉಳಿದಿತ್ತು. ಅದನ್ನು ನನ್ನ ಅಂಗಿಯ ಜೇಬಿನ ಮೇಲೆ ಅಂಟಿಸಿ, ಅಡವಿಯಪ್ಪನವರಿಗೆ ಇನ್ನೊಂದು ತಟ್ಟೆ ಉಪ್ಪಿಟ್ಟು ಬಡಿಸಿದಳು. ನನಗೆ ಬಡಿಸಲಿಲ್ಲ.

ಮಾರನೆಯ ದಿನ ಸಂಜೆ ಆರೂವರೆಗೆ ಶಿವಗಂಗಳಿಗಿಂತ ಮೊದಲು ನಾನೇ ಫೋನಿನ ಮುಂದೆ ಕುಳಿತೆ. ಸ್ಟಿಕರನ್ನು ಎರಡು ಸಲ ಓದಿ, ಅತ್ತೆಯ ನಂಬರನ್ನು ಒಂದೊಂದೇ ಅಂಕಿ ನೋಡಿಕೊಂಡು ಒತ್ತಿದೆ. ಅತ್ತೆಯೇ ಎತ್ತಿದರು.

“ಅತ್ತೆ, ನಾನು ಸದಾಶಿವಯ್ಯ. ಹೇಗಿದ್ದೀರಿ?”

ಅತ್ತೆ ಮಗಳನ್ನು ಕೂಗಿ ಹೇಳಿದ್ದು ಸ್ಪಷ್ಟವಾಗಿ, ಕುಣಿಗಲ್ ಬಸ್‌ಸ್ಟ್ಯಾಂಡಿನಿಂದ ಹೇಳಿದಷ್ಟೇ ಸ್ಪಷ್ಟವಾಗಿ, ಕೇಳಿಸಿತು.

“ರೂಪಾ, ಬಾಗ್ಲು ತೆಗ್ದಿಡೇ. ಭಾವ ಫೋನ್ ಮಾಡವ್ರೆ. ಇನ್ನೇನ್ ಪೊಲೀಸ್‌ನೋರು ಬಂದ್ಬುಡ್ತಾರೆ.”