ಮಾವನ ಕತ್ತಿ, ಮಸೆಯುವ ಪಟ್ಟಿ ಮತ್ತು ಸತ್ತೇಗಾಲದ ಬಸ್ಸು

ಮನೆಯಲ್ಲಿ ಮಡಚುವ ಕ್ಷೌರದ ಕತ್ತಿ ಒಂದಿದ್ದರೆ ಸಾಕು, ಗಾಬರಿಯನ್ನು ಹೊರಗಿನಿಂದ ತರಿಸಬೇಕಾಗಿಲ್ಲ. ಅದು ದಿನಾ ಬೆಳಗ್ಗೆ ಹಾಲಿನ ಜೊತೆ ತಾನೇ ಬರುತ್ತದೆ. ನಾನು ನಿವೃತ್ತರ ಗುಂಪುಗಳನ್ನು ಕಟ್ಟಿಕೊಂಡು ದೇಶ ದೇಶ ಸುತ್ತಿಸುವವಳು. ವಿಮಾನ ತಪ್ಪಿಸಿಕೊಂಡಿದ್ದೇನೆ, ಮರಳುಗಾಡಿನಲ್ಲಿ ಒಬ್ಬ ಹೆಡ್‌ಮಾಸ್ಟರನ್ನು ಕಳೆದುಕೊಂಡು ಮತ್ತೆ ಹುಡುಕಿ ತಂದಿದ್ದೇನೆ. ಆಗೆಲ್ಲ ಹೊಡೆದುಕೊಳ್ಳದ ಎದೆ, ಕೊಳ್ಳೇಗಾಲದಲ್ಲಿ ನನ್ನ ಸೋದರಮಾವ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುವಾಗ ಹೊಡೆದುಕೊಳ್ಳುತ್ತದೆ. ಎರಡು ಪ್ರವಾಸಗಳ ನಡುವೆ ನಾನು ಬಂದು ಬೀಳುವುದು ಅವರ ಮನೆಯಲ್ಲೇ. ಆದ್ದರಿಂದ ಈ ಗಾಬರಿಯಲ್ಲಿ ನನಗೂ ಖಾಯಂ ಪಾಲುಂಟು.

ಶಪಥ

ಕತ್ತಿ ಮಾವನ ಅಪ್ಪನದು. ಕೊಂಬಿನ ಹಿಡಿ, ವೀಳ್ಯದೆಲೆಯಷ್ಟು ತೆಳು ಅಲಗು. ಮೀಸೆ ಮೂಡಿದಾಗಿನಿಂದ ಮಾವನಿಗೆ ಅದೇ ಕತ್ತಿ. “ನನ್ ಗಡ್ಡಕ್ಕೆ ಇನ್ನೊಬ್ರು ಕೈ ಆಕೋದು ನಾನು ಸತ್ಮೇಲೆಯಾ” ಎನ್ನುತ್ತಾರೆ. ತೊಂದರೆ ಏನೆಂದರೆ, ಈಚೆಗೆ ಅವರ ಕೈ ನಡುಗುತ್ತದೆ. ಕಾಫಿ ಲೋಟ ಹಿಡಿದರೆ ಅರ್ಧ ಬಾಯಿಗೆ, ಅರ್ಧ ಪಂಚೆಗೆ. ಕತ್ತಿ ಹಿಡಿದ ಕೂಡಲೇ ನಡುಕ ನಿಂತುಹೋಗುತ್ತದೆ ಎಂಬುದು ಅವರ ವಾದ. ಪಕ್ಕದಲ್ಲಿ ನಿಂತು ನೋಡಿ ಖಾತ್ರಿ ಮಾಡಿಕೊಳ್ಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ನಾನೂ ಅತ್ತೆಯೂ ಬಚ್ಚಲ ಬಾಗಿಲಾಚೆ ನಿಂತು ಕಿವಿಯಲ್ಲೇ ಕಾವಲು ಕಾಯುತ್ತೇವೆ. ಒಳಗೆ ಸದ್ದು ನಿಂತರೆ ಹೊರಗೆ ನಮ್ಮ ಉಸಿರೂ ನಿಲ್ಲುತ್ತದೆ.

ಒಂದು ದಿನ ಅತ್ತೆ ತೀರ್ಪು ಕೊಟ್ಟರು.

“ನೋಡಿ, ಒಂದ್ ತೊಟ್ಟು ರಕ್ತ ಕಂಡ್ರೆ ಆಯ್ತು. ಅವತ್ತೇ ಸತ್ತೇಗಾಲದ ಬಸ್ ಅತ್ತಿ, ಈ ಕತ್ತಿನ ಕಾವೇರಿಗೆ ಬುಟ್ಟು ಬತ್ತೀನಿ.”

“ಬುಡು. ಅದ್ರ ಹಿಂದ್ಗಡೆ ನಾನೂ ಬೀಳ್ತೀನಿ.”

“ಬಿದ್ರೆ ಬೀಳಿ. ಗಡ್ಡ ನೆಂದು ಮೆತ್ಗಾದ್ರೂ ಆಯ್ತದೆ.”

ಗಂಟೆ

ಚೂಪಾದ ಕತ್ತಿ ಕೂದಲನ್ನಷ್ಟೇ ತೆಗೆಯುತ್ತದೆ. ಮೊಂಡಾದದ್ದು ತಡವರಿಸಿ ಚರ್ಮವನ್ನೂ ತರುತ್ತದೆ. ಚೂಪು ಇರುವುದು ದಿನಾ ಬೆಳಗ್ಗೆ ಅಲಗನ್ನು ಹಿಂದೆ ಮುಂದೆ ಎಳೆಯುವ ಚರ್ಮದ ಪಟ್ಟಿಯಲ್ಲಿ. ಅಂದರೆ ಆ ಮನೆಯ ನೆಮ್ಮದಿ ನೇತಾಡುತ್ತಿದ್ದದ್ದು ಒಂದು ಮೊಳದ ತೊಗಲಿನ ಮೇಲೆ. ಶಪಥದ ಬೆನ್ನಿಗೇ ಆ ಹಳೆಯ ಪಟ್ಟಿ ನಡುವೆ ಬಿರಿದುಕೊಂಡಿತು.

ಅಜ್ಜೀಪುರದ ನೆಂಟರ ಮನೆಗೆ ಹೋಗಿ ಬರುವಾಗ ಮಾವ ಹನೂರಿನಲ್ಲಿ ನನಗೆ ಕಾರು ನಿಲ್ಲಿಸಲು ಹೇಳಿದರು. ದನದ ಹಗ್ಗ, ಮೂಗುದಾರ, ಕೊರಳಪಟ್ಟಿ ಮಾರುವ ಅಂಗಡಿ. ಮಾವ ಒಂದೊಂದೇ ಕೊರಳಪಟ್ಟಿ ಎಳೆದು, ಬಗ್ಗಿಸಿ, ಮೂಸಿ, ಕೆನ್ನೆಗೆ ಒತ್ತಿಕೊಂಡು ನೋಡತೊಡಗಿದರು. ಅಂಗಡಿಯವನು ಅಳತೆಯ ಹಗ್ಗ ಹಿಡಿದು ಹತ್ತಿರ ಬಂದ.

“ಸಾ, ಎತ್ತಿನ ಅಳತೆ ಎಷ್ಟು?”

“ಎತ್ತಿಗಲ್ಲ ಕಣಪ್ಪ. ನನಗೇಯಾ.”

ಅಂಗಡಿಯವನು ನನ್ನ ಮುಖ ನೋಡಿದ. ಅಷ್ಟರಲ್ಲಿ ಮಾವ ಚರ್ಮ ಪರೀಕ್ಷಿಸಲೆಂದು ಜೇಬಿನಿಂದ ಕತ್ತಿ ತೆಗೆದು ಫಳಕ್ಕನೆ ಬಿಚ್ಚಿದರು. ಅಂಗಡಿಯವನು ಹಿಂಡಿ ಮೂಟೆಗಳ ಹಿಂದೆ ಮಾಯವಾದ. ಅಲ್ಲಿಂದಲೇ ನಡುಗುವ ದನಿ ಬಂತು: “ಅವ್ವಾ, ಯಜಮಾನ್ರಿಗೆ ಗಂಟೆ ಇರೋದು ಬೇಕಾ, ಇಲ್ದಿರೋದಾ?”

ಚರ್ಮ ಚೆನ್ನಾಗಿದ್ದದ್ದು ಗಂಟೆ ಇದ್ದದ್ದರಲ್ಲೇ. ಗಂಟೆಯನ್ನು ಹೊಲಿಗೆಯೊಳಗೇ ಕೂರಿಸಿದ್ದರಿಂದ ಬಿಚ್ಚಲೂ ಆಗಲಿಲ್ಲ. ಹಾಗಾಗಿ ಕೆಲವು ವಾರ ನಮ್ಮ ಬಚ್ಚಲಲ್ಲಿ ಬೆಳಗ್ಗೆ ಎತ್ತು ಕಟ್ಟಿದಂತೆ ಸದ್ದು. ನನಗೆ ತಲೆನೋವು. ಅತ್ತೆಗೆ ಮಾತ್ರ ಬಲು ಇಷ್ಟವಾಯಿತು.

“ಇರ್ಲಿ ಬುಡು ಮಗ. ಗಂಟೆ ಕೇಳೋಗಂಟ ಜೀವ ಅದೆ ಅಂತ ಗೊತ್ತಾಯ್ತದೆ.”

ವಾಸನೆ ನೋಡು

ಕೊರಳಪಟ್ಟಿ ಎತ್ತಿಗೆ ನಯ, ಅಲಗಿಗೆ ಒರಟು. ಮಾವನ ಗಲ್ಲ ಉರಿಯತೊಡಗಿತು. “ಲೋಕ ಎಲ್ಲಾ ಸುತ್ತೀಯ, ಒಂದ್ ಪಟ್ಟಿ ತರಕ್ಕಾಗಕಿಲ್ವಾ?” ಎಂದರು. ಮುಂದಿನ ಪ್ರವಾಸದಲ್ಲಿ ಇಸ್ತಾಂಬುಲ್‌ನ ಒಂದು ಸಂದಿಯಲ್ಲಿ ಕ್ಷೌರದ ಸಾಮಾನಿನ ಅಂಗಡಿ ಹುಡುಕಿ ವಿಡಿಯೋ ಕಾಲ್ ಮಾಡಿದೆ. ಪರದೆಯ ತುಂಬ ಬನಿಯನ್ ತೊಟ್ಟ ಮಾವ.

“ಮೂಗಿಗಿಡಿ. ಎಣ್ಣೆ ವಾಸ್ನೆ ಬತ್ತದಾ?”

“ಇಲ್ಲ ಮಾವ, ಚರ್ಮದ್ದೇ.”

“ಬಗ್ಸು. ಗೆರೆ ಬಿತ್ತಾ? ಎಬ್ಬೆಟ್ಟಲ್ಲಿ ಎಳಿ. ಜಾರ್ತದಾ, ಇಡೀತದಾ?”

“ಸ್ವಲ್ಪ ಹಿಡಿಯುತ್ತೆ.”

“ಅಂಗೇ ಇರ್ಬೇಕು. ಇನ್ನೊಂದ್ ತೋರ್ಸು.”

ಇದನ್ನೆಲ್ಲ ನೋಡುತ್ತಿದ್ದ ನರೆತ ಮೀಸೆಯ ಅಂಗಡಿಯಾತ ಮೆಲ್ಲಗೆ ನನ್ನ ಕೈಯಿಂದ ಫೋನ್ ತೆಗೆದುಕೊಂಡ. ತನ್ನ ಚಹಾದ ಸಕ್ಕರೆ ಡಬ್ಬಿಗೆ ಅದನ್ನು ಒರಗಿಸಿ, ಒಂದೊಂದೇ ಪಟ್ಟಿಯನ್ನು ಪರದೆಗೆ ಹಿಡಿಯತೊಡಗಿದ. ಅವನು ತುರ್ಕಿಯಲ್ಲಿ, ಇವರು ಕೊಳ್ಳೇಗಾಲದ ಕನ್ನಡದಲ್ಲಿ. ಬಗ್ಗಿಸುವುದು, ಮೂಸುವುದು, ತಲೆಯಾಡಿಸುವುದು, ನಡುವೆ ಒಂದು ಜಗಳ, ಆಮೇಲೆ ರಾಜಿ. ನನ್ನ ಗುಂಪು ಬಸ್ಸಿನಲ್ಲಿ ಕಾಯುತ್ತಿತ್ತು. “ಮಾವ, ನಾನು ಹೊರಡಬೇಕು” ಎಂದೆ.

ಇಬ್ಬರೂ ನನ್ನತ್ತ ನೋಡದೆ, ನೀನು ಹೋಗು ಎಂದು ಒಟ್ಟಿಗೇ ಕೈಬೀಸಿದರು.

ಆರೈಕೆ

ಹೊಸ ಪಟ್ಟಿ ಬಂದಿತು: ಒಂದು ಮಗ್ಗುಲು ನುಣುಪು ಚರ್ಮ, ಇನ್ನೊಂದು ಮಗ್ಗುಲು ದಪ್ಪ ಬಟ್ಟೆ. ಜೊತೆಗೆ ಮಾವನ ಕಾನೂನುಗಳೂ ಬಂದವು. ಬಿಸಿಲಿಗೆ ಹಾಕಬಾರದು. ನೀರು ಸೋಕಬಾರದು. ಎಣ್ಣೆ ಬಳಿದರೆ ಸತ್ತಂತೆಯೇ. ದಿನಾ ಬರಿ ಅಂಗೈಯಿಂದ ಸವರಬೇಕು. ಕೈಯ ಬಿಸಿಯೇ ಅದಕ್ಕೆ ಊಟ.

ಮಾವ ಪಟ್ಟಿ ಸವರುತ್ತಾ ಕೂರುವುದನ್ನು ಅತ್ತೆ ಒಂದಷ್ಟು ದಿನ ನೋಡಿದರು.

“ಮದ್ವೆ ಆದಾಗ್ನಿಂದ ನನ್ ತಲೆ ಮ್ಯಾಲೆ ಇಷ್ಟೊತ್ತು ಕೈ ಇಟ್ಟಿದ್ರಾ?”

“ನೀನೂ ಒಣಗೋಯ್ತೀಯ ಅಂದಿದ್ರೆ ಇಡ್ತಿದ್ದೆ.”

ನಿಜವಾದ ಯುದ್ಧ ಹತ್ತಿದ್ದು ವಿಭೂತಿಗೆ. ಬಟ್ಟೆಯ ಮಗ್ಗುಲಿಗೆ ನಯವಾದ ಪುಡಿ ಏನಾದರೂ ಹಚ್ಚಿದರೆ ಅಲಗಿಗೆ ಹೊಳಪು ಬರುತ್ತದೆ. ಮಾವ ದೇವರ ಮನೆಗೆ ಹೋಗಿ ವಿಭೂತಿ ಗಟ್ಟಿ ತಂದು ತಿಕ್ಕಿದರು. ಅತ್ತೆ ಹೌಹಾರಿದರು.

“ದೇವ್ರ ಇಬೂತಿನ ತೊಗಲಿಗೆ ಬಳೀತೀರಲ್ರಿ!”

“ಬಳ್ದಿರೋದು ಬಟ್ಟೆಗೆ. ತೊಗಲಾದ್ರೂ ಏನು? ಶಿವ ಕೂತಿರೋದೇ ಹುಲಿ ತೊಗಲ ಮ್ಯಾಲೆ. ಅವ್ನಿಗಿಲ್ದ ಮಡಿ ನಿನಗ್ಯಾಕೆ?”

ಅತ್ತೆ ಅಡುಗೆಮನೆಗೆ ಹೋದರು. ಸೋತರು ಅಂದುಕೊಂಡೆ. ಸಾರಿಗೆ ಒಗ್ಗರಣೆ ಬಿದ್ದ ಸದ್ದಿನ ಜೊತೆ ಉತ್ತರ ಬಂತು: “ಶಿವ ಗಡ್ಡ ಮಾಡ್ಕಳದಿಲ್ಲ!”

ಯಳಂದೂರಿನ ಫ್ರಿಜ್ಜು

ಪಟ್ಟಿಯ ಒಂದು ತುದಿಯನ್ನು ಅಲ್ಲಾಡದ ಯಾವುದಕ್ಕಾದರೂ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲ ಬಿಟ್ಟರೆ ಅಲಗಿನ ಬಾಯಿ ದುಂಡಾಗುತ್ತದೆ. ಕೊಳ್ಳೇಗಾಲದಲ್ಲಿ ಇದಕ್ಕೆ ಗೋಡೆಯ ಕೊಕ್ಕೆ ಇದೆ. ಒಮ್ಮೆ ಮಾವ ಹೋಗಿ ಉಳಿದಿದ್ದ, ಯಳಂದೂರಿನ ಅವರ ಮಗಳ ಬಾಡಿಗೆ ಮನೆಯಲ್ಲಿ ಕೊಕ್ಕೆ ಇರಲಿಲ್ಲ. ಮಾವ ಮನೆಯೆಲ್ಲ ಹುಡುಕಿ, ಇದ್ದದ್ದರಲ್ಲಿ ಭಾರವಾದ ವಸ್ತುವೆಂದು ಫ್ರಿಜ್ಜಿನ ಹಿಡಿಗೆ ಸಿಕ್ಕಿಸಿದರು. ಎಳೆದರು. ಬಾಗಿಲು ತೆರೆಯಿತು. ಮುಚ್ಚಿ ಇನ್ನೂ ಬಲವಾಗಿ ಎಳೆದರು. ಬಾಗಿಲು ಇನ್ನೂ ಬಲವಾಗಿ ತೆರೆಯಿತು; ಮೊಸರಿನ ಪಾತ್ರೆ ಅವರ ಕಾಲ ಮೇಲೆ ಬಂದು ಬಿತ್ತು.

ಸದ್ದಿಗೆ ಎದ್ದು ಬಂದ ಅಳಿಯ ಕಂಡದ್ದು ಇಷ್ಟು: ಮೊಣಕಾಲವರೆಗೆ ಬೆಳ್ಳಗಾದ ಮಾವ, ಕೈಯಲ್ಲಿ ಬಿಚ್ಚಿದ ಕತ್ತಿ, ಎದುರಿಗೆ ಬಾಯಿ ತೆರೆದ ಫ್ರಿಜ್ಜು. ಬಂದ ಹಾಗೇ ಹಿಂದಕ್ಕೆ ಹೋಗಿ ಹೆಂಡತಿಯನ್ನು ಎಬ್ಬಿಸಿದ. “ಏಳು, ನಿಮ್ಮಪ್ಪ ಫ್ರಿಜ್ಜಿಗೆ ಗಡ್ಡ ಮಾಡ್ತಾವ್ರೆ.”

ಗಾಯವಾದದ್ದು ಪಟ್ಟಿಗೆ, ಅಂಚಿನಲ್ಲಿ ಸಣ್ಣ ಕಚ್ಚು. ಮಾವ ಅದನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡುತ್ತಿರುವಾಗ ಕೊಳ್ಳೇಗಾಲದಿಂದ ಅತ್ತೆಯ ಫೋನು. ಸುದ್ದಿ ಅಷ್ಟರಲ್ಲೇ ಮುಟ್ಟಿತ್ತು.

“ನಿಜ ಏಳಿ, ರಕ್ತ ಬಂತಾ?”

“ಇಲ್ಲ ಕಣೆ, ಮೊಸ್ರು ಬಂತು.”

ಅರಿಸಿನ

ಆಯುಧಪೂಜೆಯ ದಿನ ಅತ್ತೆ ಕುಡುಗೋಲು, ಈಳಿಗೆಮಣೆ, ಮಿಕ್ಸಿ, ನನ್ನ ಸೂಟ್‌ಕೇಸ್ ಎಲ್ಲಕ್ಕೂ ಪೂಜೆ ಮಾಡಿದರು. ಮಾವನ ಕತ್ತಿಗೂ ಮಾಡಿದರು. ಪಟ್ಟಿಗೆ ಮಾತ್ರ, ಒಳ್ಳೇದಾಗಲಿ ಎಂದು, ಉದ್ದಕ್ಕೂ ಅರಿಸಿನ ಬಳಿದರು.

ಮಾರನೆಯ ಬೆಳಗ್ಗೆ ಮಾವ ಅದನ್ನು ಒರೆಸಿ, ಎಂದಿನಂತೆ ಮಸೆದು, ಗಡ್ಡಕ್ಕೆ ಕತ್ತಿ ಇಟ್ಟರು. ಒಳಗಿನಿಂದ “ಅಯ್ಯೋ” ಎಂಬ ದನಿ. ನಾನೂ ಅತ್ತೆಯೂ ಒಟ್ಟಿಗೇ ಬಾಗಿಲು ನೂಕಿದೆವು. ಕಿವಿಯಿಂದ ಕುತ್ತಿಗೆಯವರೆಗೆ ನೊರೆಯೆಲ್ಲ ಕೆಂಪು.

ನಾನು ಕತ್ತಿ ಕಿತ್ತು ಪಕ್ಕಕ್ಕಿಟ್ಟೆ. ಟವೆಲ್ ಒತ್ತಿದೆ, ಒರೆಸಿದೆ, ಮತ್ತೆ ಒರೆಸಿದೆ. ಕೆಳಗೆ ಮಾವನ ಚರ್ಮ ಸುಲಿದ ಬಾಳೆಹಣ್ಣಿನ ಹಾಗೆ ನುಣ್ಣಗಿತ್ತು. ಒಂದು ಗೀರೂ ಇಲ್ಲ. ಗೋಡೆಯ ಪಟ್ಟಿ ನೋಡಿದರೆ ಅದರ ಮೇಲೆ ಒರೆಸಿಯೂ ಉಳಿದ ಹಳದಿ ಪುಡಿ. ಆಗ ಹೊಳೆಯಿತು. ಆರತಿ ತಟ್ಟೆಯಲ್ಲಿ ಅರಿಸಿನಕ್ಕೆ ಸುಣ್ಣ ಬೆರೆತು ಕೆಂಪಾಗುವಂತೆ, ಪಟ್ಟಿಯಿಂದ ಅಲಗಿಗೆ ಹತ್ತಿದ ಅರಿಸಿನ ಸೋಪಿಗೆ ಕೆಂಪಾಗಿದೆ!

“ಅತ್ತೆ, ಇದು ರಕ್ತ ಅಲ್ಲ” ಎಂದು ತಿರುಗಿದರೆ ಅತ್ತೆ ಇಲ್ಲ. ನಾನು ಪಕ್ಕಕ್ಕಿಟ್ಟ ಕತ್ತಿಯೂ ಇಲ್ಲ.

“ಬಸ್ ಸ್ಟಾಂಡಿಗೆ ನಡಿ ಮಗ!” ಎಂದರು ಮಾವ. ಅಷ್ಟು ಸಣ್ಣಗಾದ ಅವರ ದನಿಯನ್ನು ನಾನು ಎಂದೂ ಕೇಳಿರಲಿಲ್ಲ.

ಆಟೋದಲ್ಲಿ ಹೋದೆವು, ಅವರ ಅರ್ಧ ಮುಖ ನುಣುಪು, ಅರ್ಧ ನೊರೆ, ಹೆಗಲ ಮೇಲೆ ಕೆಂಪು ಟವೆಲ್. ಸತ್ತೇಗಾಲದ ಬಸ್ಸು ಹೊರಡಲು ಗುರ್ರೆನ್ನುತ್ತಿತ್ತು. ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ಮಡಿಲಲ್ಲಿ ಬುಟ್ಟಿ, ಅದರಲ್ಲಿ ವೀಳ್ಯದೆಲೆ, ಬಾಳೆಹಣ್ಣು, ಹೂವು, ನಡುವೆ ಮಡಚಿದ ಕತ್ತಿ. ನದಿಗೆ ಬರಿಗೈಯಲ್ಲಿ ಹೋಗುವುದು ಅವರ ಜಾಯಮಾನವಲ್ಲ. ಕಣ್ಣು ಮಾತ್ರ ತುಂಬಿತ್ತು.

ಕಂಡಕ್ಟರು ಮಾವನನ್ನು ಮೇಲಿನಿಂದ ಕೆಳಗೆ ನೋಡಿದ. “ಯಜಮಾನ್ರೇ, ಉಳಿದರ್ಧ ಸತ್ತೇಗಾಲದಲ್ಲಿ ಮಾಡಿಸ್ಕತೀರಾ?”

ನಾನು ವಾದಕ್ಕೆ ಹೋಗಲಿಲ್ಲ. ಮಾವನ ಕೆನ್ನೆಯಿಂದ ಒಂದಿಷ್ಟು ನೊರೆ ಬಾಚಿ, ಕಿಟಕಿಯೊಳಗೆ ಕೈ ಹಾಕಿ, ನಿನ್ನೆಯ ಪೂಜೆಯಿಂದ ಇನ್ನೂ ಹಳದಿಯಾಗಿದ್ದ ಅತ್ತೆಯ ಅಂಗೈಗೆ ಹಚ್ಚಿದೆ. ಅಂಗೈ ಕೆಂಪಾಯಿತು. ಇಡೀ ಬಸ್ಸು ಎದ್ದು ನಿಂತು ನೋಡಿತು. ಅತ್ತೆ ಅಂಗೈಯನ್ನು ನೋಡಿದರು, ಗಂಡನ ಮುಖ ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಬುಟ್ಟಿ ಸಮೇತ ಇಳಿದರು.

ಕತ್ತಿಯನ್ನು ಮಾವನ ಕೈಗೆ ಕೊಟ್ಟರು. ಅದಕ್ಕೇನಾದರೂ ಪೆಟ್ಟಾಯಿತೋ ಎಂದು ಮಾವ ಅಲ್ಲೇ ಬಿಚ್ಚಿ, ಅಲಗಿಗೆ ಹೆಬ್ಬೆರಳು ತಾಗಿಸಿದರು. ಆ ಹೊತ್ತಿಗೆ ಸರಿಯಾಗಿ ಕೈ ನಡುಗಿತು. ಬೆರಳ ತುದಿಯಲ್ಲಿ ಒಂದು ತೊಟ್ಟು, ಕೆಂಪಗೆ, ದುಂಡಗೆ ಕೂತಿತು. ಅಲ್ಲಿ ಸೋಪು ಇರಲಿಲ್ಲ.

ಬಸ್ಸು ಇನ್ನೂ ಹೊರಟಿರಲಿಲ್ಲ. ಮಾವ ಬೆರಳನ್ನು ಬಚ್ಚಿಡಲೂ ಆಗದೆ, ತೋರಿಸಲೂ ಆಗದೆ ನಿಂತರು.

ಅತ್ತೆ ಆ ತೊಟ್ಟನ್ನು ಚೆನ್ನಾಗಿ ದಿಟ್ಟಿಸಿದರು. ಆಮೇಲೆ ಸೆರಗಿನಲ್ಲಿ ಅದನ್ನು ಒತ್ತಿ ಒರೆಸಿ, ಕತ್ತಿ ಮಡಚಿ, ಬುಟ್ಟಿಗೆ ಹಾಕಿಕೊಂಡರು.

“ಅರಿಸಿನ ಇನ್ನೂ ಓಗಿಲ್ಲ ಕಣ್ರಿ. ಮನೆಗ್ ನಡೀರಿ, ಇನ್ನರ್ಧ ಗಡ್ಡ ಅಂಗೇ ಅದೆ.”